ಅರಳುಮರಳು ಮತ್ತು ಮನೆಯ ವೈದ್ಯರು

'ಅರವತ್ತಕ್ಕೆ ಅರಳುಮರಳು' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ವರಕವಿ ಬೇಂದ್ರೆಯವರು ಅರವತ್ತರ ಗಡಿಯಲ್ಲಿ ತಮ್ಮ ಕವನಗಳ ದೊಡ್ಡ ಸಂಗ್ರಹವೊಂದಕ್ಕೆ 'ಅರಳು ಮರಳು' ಎಂದೇ ಹೆಸರಿಟ್ಟರು. 1958ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಮುಪ್ಪಿನ ಮರುಳಿನ ಜೊತೆಗೆ ಮರಳಿ ಅರಳುವ ಅರ್ಥವನ್ನೂ ಆ ಎರಡು ಪದಗಳಿಂದ ಹೊರಡಿಸುವುದು ಕವಿಗೆ ಸಾಧ್ಯವಾಯಿತು. ನಮ್ಮ ಮನೆಗಳಲ್ಲಿ ಮಾತ್ರ ಈ ಗಾದೆ ಬಹುಕಾಲದಿಂದ ಮಾಡುತ್ತ ಬಂದಿರುವ ಕೆಲಸವೇ ಬೇರೆ. ಊಟ ಮುಗಿಸಿದ ಅಜ್ಜಿ ಅರ್ಧ ಗಂಟೆಯಲ್ಲಿ ಮತ್ತೆ ತಟ್ಟೆ ಕೇಳಿದಾಗ, ಲೆಕ್ಕದಲ್ಲಿ ಗಟ್ಟಿಗನಾಗಿದ್ದ ತಾತ ಚಿಲ್ಲರೆ ಎಣಿಸಲಾರದೆ ಕೈಚೆಲ್ಲಿದಾಗ, ಮನೆಯವರು ಈ ಮಾತನ್ನಾಡಿ ಸುಮ್ಮನಾಗುತ್ತಾರೆ. ವಯಸ್ಸಾಯಿತು, ಇನ್ನೇನು ಎಂಬ ಸಮಾಧಾನ ಅದರಲ್ಲಿದೆ. ವೈದ್ಯರನ್ನು ಕರೆಯಬೇಕೆಂದು ಯಾರಿಗೂ ತೋಚುವುದಿಲ್ಲ. ಕರೆದಾಗಲೂ ಆ ವೈದ್ಯರು ಇದೇ ಮಾತನ್ನು ಬೇರೆ ಪದಗಳಲ್ಲಿ ಹೇಳಿ, ಒಂದು ಟಾನಿಕ್ ಬರೆದುಕೊಟ್ಟು ಹೋಗುತ್ತಿದ್ದ ಕಾಲವೊಂದಿತ್ತು. ಅವರು ಹಾಗೇಕೆ ಹೇಳಿದರು, ಹಾಗೆ ಹೇಳುತ್ತಲೇ ಎಂತಹ ಸೇವೆ ಸಲ್ಲಿಸಿದರು, ಆ ಸೇವೆಯ ಗತಿ ಈಗ ಏನಾಗಿದೆ ಎಂಬುದನ್ನು ದಾವಣಗೆರೆ ಮತ್ತು ಹರಿಹರದ ಹಿನ್ನೆಲೆಯಲ್ಲಿ ನೋಡುವುದು ಈ ಲೇಖನದ ಉದ್ದೇಶ.

ಈ ಎರಡು ಊರುಗಳ ನಡುವಿನ ಅಂತರ ಸುಮಾರು 14 ಕಿಲೋಮೀಟರ್. ಇಂದು ಅವು ಒಂದೇ ಜಿಲ್ಲೆಯ ಎರಡು ಕೇಂದ್ರಗಳು. ಆದರೆ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಇದು ಗಡಿಸೀಮೆಯಾಗಿತ್ತು. ಹರಿಹರ ಮೈಸೂರು ಸಂಸ್ಥಾನದ ಅಂಚು. ತುಂಗಭದ್ರೆಯ ಸೇತುವೆ ದಾಟಿದರೆ 1956ರವರೆಗೆ ಮುಂಬಯಿ ಆಡಳಿತದ ಧಾರವಾಡ ಜಿಲ್ಲೆ. ಉತ್ತರಕ್ಕೆ ಹರಪನಹಳ್ಳಿಯ ಕಡೆ ಹೊರಟರೆ 1953ರವರೆಗೆ ಮದರಾಸು ಆಡಳಿತದ ಬಳ್ಳಾರಿ ಜಿಲ್ಲೆ. ಮೂರು ಸರ್ಕಾರಗಳ ರೋಗಿಗಳು ಒಂದೇ ಪೇಟೆಗೆ ಬರುತ್ತಿದ್ದರು. ದಾವಣಗೆರೆಯಲ್ಲಿ ಹತ್ತಿಯ ಮಂಡಿಗಳೂ ನೂಲಿನ ಗಿರಣಿಗಳೂ ಬೆಳೆದು, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂತು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಯಿತು. ಸುತ್ತಲಿನ ಹಳ್ಳಿಗಳಿಂದ ಪಾಳಿ ಕೆಲಸಕ್ಕೆ ಬಂದವರು ಇಲ್ಲಿಯೇ ನೆಲೆನಿಂತರು. ಗಿರಣಿಯ ಕೇರಿ, ಮಂಡಿಪೇಟೆಯ ಅಂಗಡಿಸಾಲು, ಮಂಡಕ್ಕಿ ಭಟ್ಟಿಗಳ ಹೊಗೆ ತುಂಬಿದ ಓಣಿ, ಹೀಗೆ ಒತ್ತೊತ್ತಾಗಿ ಬೆಳೆದ ಈ ಬಡಾವಣೆಗಳಲ್ಲಿ 'ನಮ್ಮ ಡಾಕ್ಟ್ರು' ಎಂಬ ವ್ಯಕ್ತಿ ಹುಟ್ಟಿಕೊಂಡರು.

ಅವರಲ್ಲಿ ಹಿರಿಯ ತಲೆಮಾರಿನವರು ಅನೇಕರು ಎಲ್.ಎಂ.ಪಿ. ಪದವೀಧರರು, ಅಂದರೆ ಪೂರ್ಣ ಪದವಿಗಿಂತ ಕಡಿಮೆ ಅವಧಿಯ ಶಿಕ್ಷಣ ಪಡೆದು ಪರವಾನಗಿ ಹೊಂದಿದ ವೈದ್ಯರು. 1946ರ ಭೋರ್ ಸಮಿತಿಯ ವರದಿ ಈ ಕೆಳದರ್ಜೆಯ ಶಿಕ್ಷಣವನ್ನು ಕೈಬಿಟ್ಟು ದೇಶಕ್ಕೆಲ್ಲ ಒಂದೇ ಮಟ್ಟದ ವೈದ್ಯನಿರಬೇಕೆಂದು ಶಿಫಾರಸು ಮಾಡಿತು. ಉದ್ದೇಶ ಒಳ್ಳೆಯದೇ. ಆದರೆ ಹಳ್ಳಿಗೂ ಸಣ್ಣ ಪೇಟೆಗೂ ಹೋಗಲು ಒಪ್ಪುತ್ತಿದ್ದವರು ಬಹುಮಟ್ಟಿಗೆ ಆ ಪರವಾನಗಿ ವೈದ್ಯರೇ ಎಂಬುದು ನಿಲ್ಲಿಸಿದ ಮೇಲೆ ಅರಿವಿಗೆ ಬಂತು. ಒಂದು ಕೋಣೆಯ ದವಾಖಾನೆ, ಮರದ ಬೆಂಚು, ಒಳಗೆ ಮಿಕ್ಸ್ಚರ್ ಬೆರೆಸುವ ಕಾಂಪೌಂಡರ್, ಮನೆಯಿಂದ ತಂದ ಸೀಸೆಗೆ ಅಂಟಿಸಿದ ಅಳತೆಯ ಕಾಗದದ ಪಟ್ಟಿ, ಇವಿಷ್ಟೇ ಆಗಿನ ಸರಂಜಾಮು. ಸಂಜೆ ದವಾಖಾನೆ ಮುಚ್ಚಿದ ಮೇಲೆ ಸೈಕಲ್ ಅಥವಾ ಜಟಕಾ ಏರಿ ಮನೆಗಳಿಗೆ ಹೋಗುವುದು ವಾಡಿಕೆ.

ಮನೆಗೆ ಹೋಗುವ ವೈದ್ಯ ರೋಗವನ್ನಷ್ಟೇ ನೋಡಿ ಬರಲಾರ. ಅಡುಗೆಮನೆಯ ಒಲೆ, ಹಿತ್ತಲ ಬಾವಿ, ಕತ್ತಲ ಮೆಟ್ಟಿಲು, ಮಾತು ಬಿಟ್ಟಿರುವ ಅತ್ತೆಸೊಸೆ, ಸಾಲಕ್ಕೆ ಬಿದ್ದಿರುವ ಮಗ, ಇವೆಲ್ಲ ಅವನ ಕಣ್ಣಿಗೆ ಬೀಳುತ್ತವೆ. ಇಪ್ಪತ್ತು ಮೂವತ್ತು ವರ್ಷ ಹೀಗೆ ಒಂದೇ ಕೇರಿಯಲ್ಲಿ ಓಡಾಡಿದವನಿಗೆ ಅಜ್ಜಿ ಮೊದಲು ಹೇಗಿದ್ದಳು ಎಂಬುದು ಗೊತ್ತಿರುತ್ತದೆ. ಮರೆವಿನ ಕಾಯಿಲೆಯಲ್ಲಿ ಇದಕ್ಕಿಂತ ದೊಡ್ಡ ಉಪಕರಣ ಇಂದಿಗೂ ಬಂದಿಲ್ಲವೆಂದೇ ನಾನು ತಿಳಿದಿದ್ದೇನೆ. ಏಕೆಂದರೆ ಇಲ್ಲಿ ರೋಗಿಯೇ ತನ್ನ ಕಥೆಯನ್ನು ಹೇಳಲಾರ. ಇನ್ನೊಬ್ಬರು ನೆನಪಿಟ್ಟು ಹೇಳಬೇಕು. ಕೆಟ್ಟಿರುವುದು ಎಷ್ಟು ಎಂದು ಅಳೆಯಲು ಮೊದಲು ಇದ್ದದ್ದು ಎಷ್ಟು ಎಂಬುದು ತಿಳಿದಿರಬೇಕಲ್ಲವೆ? ಮುಂಜಾನೆ ನಾಲ್ಕಕ್ಕೆ ಎದ್ದು ಬಾಗಿಲು ಬಡಿದು ರಂಪ ಮಾಡುವ ಮುದುಕನೊಬ್ಬನನ್ನು ಊಹಿಸಿಕೊಳ್ಳಿ. ಅಪರಿಚಿತ ವೈದ್ಯನಿಗೆ ಅದು ಉನ್ಮಾದ. ಅವನು ಮೂವತ್ತು ವರ್ಷ ಮೊದಲ ಪಾಳಿಗೆ ಹೋಗುತ್ತಿದ್ದ ಗಿರಣಿ ಕಾರ್ಮಿಕನೆಂದು ಬಲ್ಲವನಿಗೆ ಅದು ಕೆಲಸಕ್ಕೆ ಹೊರಡುವ ಹೊತ್ತು. ಮೊದಲನೆಯವನು ನಿದ್ದೆ ಮಾತ್ರೆ ಬರೆಯುತ್ತಾನೆ. ಎರಡನೆಯವನು 'ಇಂದು ವಾರದ ರಜೆ ಕಣಪ್ಪ, ಕಾಫಿ ಕುಡಿ' ಎಂದು ಹೇಳಲು ಮನೆಯವರಿಗೆ ಕಲಿಸುತ್ತಾನೆ.

ಹಾಗಿದ್ದರೂ ಆ ಹಿರಿಯ ವೈದ್ಯರು 'ವಯಸ್ಸು' ಎಂದೇ ಏಕೆ ಹೇಳಿದರು? ಅವರ ಅಜ್ಞಾನವೆಂದು ತೀರ್ಪು ಕೊಡುವ ಮೊದಲು ಪಶ್ಚಿಮದ ವೈದ್ಯಶಾಸ್ತ್ರ ಆಗ ಏನು ಹೇಳುತ್ತಿತ್ತು ಎಂಬುದನ್ನು ಗಮನಿಸಬೇಕು. ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಆಗುಸ್ಟ್ ಡೀಟರ್ ಎಂಬ 51 ವರ್ಷದ ಮಹಿಳೆಯನ್ನು ಪರೀಕ್ಷಿಸಿದರು. ಆಕೆ ಎಲ್ಲವನ್ನೂ ಮರೆಯುತ್ತಿದ್ದಳು, ಗಂಡನ ಮೇಲೆ ಸಂಶಯಪಡುತ್ತಿದ್ದಳು, ತನ್ನ ಹೆಸರನ್ನೇ ಬರೆಯಲಾರದೆ ತಡವರಿಸುತ್ತಿದ್ದಳು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಆಲ್ಝೈಮರ್, ಜೀವಕೋಶಗಳ ನಡುವೆ ಜಮೆಯಾದ ಕಲೆಗಳನ್ನೂ ಒಳಗೆ ಸಿಕ್ಕುಗಟ್ಟಿದ ಎಳೆಗಳನ್ನೂ ಕಂಡು, ಅದೇ ವರ್ಷ ನವೆಂಬರ್ 3ರಂದು ಟ್ಯೂಬಿಂಗೆನ್ ನಗರದ ಸಭೆಯಲ್ಲಿ ವರದಿ ಮಾಡಿದರು. 1910ರಲ್ಲಿ ಕ್ರೆಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಈ ರೋಗಕ್ಕೆ ಆಲ್ಝೈಮರರ ಹೆಸರನ್ನೇ ಇಟ್ಟರು.

ಇಲ್ಲಿಯೇ ಒಂದು ತೊಡಕು ಉಂಟಾಯಿತು. ಡೀಟರ್ ನಡುವಯಸ್ಸಿನವಳಾಗಿದ್ದರಿಂದ, ಇದು ಅಕಾಲದಲ್ಲಿ ಬರುವ ಅಪರೂಪದ ರೋಗವೆಂಬ ತಿಳುವಳಿಕೆ ನೆಲೆಯೂರಿತು. ಎಪ್ಪತ್ತು ಎಂಬತ್ತರ ಮುದುಕರ ಮರೆವು ಬೇರೆ, ಅದು ಮಿದುಳಿನ ರಕ್ತನಾಳಗಳು ಗಟ್ಟಿಯಾಗುವುದರಿಂದ ಬರುವ ಮುಪ್ಪಿನ ಧರ್ಮ ಎಂದು ಐವತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಲಾಯಿತು. 1968ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಸಂಶೋಧಕರು, ಮುದುಕರ ಮಿದುಳಿನಲ್ಲಿಯೂ ಅವೇ ಕಲೆಗಳಿವೆ, ಅವು ಹೆಚ್ಚಿದಷ್ಟೂ ಮರೆವು ತೀವ್ರವೆಂದು ತೋರಿಸಿದರು. 1976ರಲ್ಲಿ ಅಮೆರಿಕದ ರಾಬರ್ಟ್ ಕಾಟ್ಜ್‌ಮನ್, ಇವೆರಡೂ ಒಂದೇ ರೋಗ, ಇದು ಅಪರೂಪದ್ದಲ್ಲ, ಸಾವಿನ ದೊಡ್ಡ ಕಾರಣಗಳಲ್ಲಿ ಒಂದು ಎಂದು ವಾದಿಸಿದರು. ಹೀಗಿರುವಾಗ 1965ರಲ್ಲಿ ದಾವಣಗೆರೆಯ ಓಣಿಯ ವೈದ್ಯರು 'ರಕ್ತನಾಳ ಗಟ್ಟಿಯಾಗಿದೆ, ವಯಸ್ಸಾಯಿತು' ಎಂದದ್ದು ಅಂದಿನ ಲಂಡನ್ನಿನ ಪ್ರಾಧ್ಯಾಪಕರು ಹೇಳುತ್ತಿದ್ದ ಮಾತೇ ಆಗಿತ್ತು. ನಮ್ಮ ಗಾದೆಗೂ ಪಾಶ್ಚಾತ್ಯ ಪಠ್ಯಪುಸ್ತಕಕ್ಕೂ ಹೀಗೆ ವಿಚಿತ್ರ ಹೊಂದಾಣಿಕೆಯಾಗಿತ್ತು.

1965 ಎಂಬ ವರ್ಷ ದಾವಣಗೆರೆಗೆ ಇನ್ನೊಂದು ಕಾರಣದಿಂದ ಮುಖ್ಯ. ಜಗದ್ಗುರು ಜಯದೇವ ಮುರುಘರಾಜೇಂದ್ರ ವೈದ್ಯಕೀಯ ಕಾಲೇಜು ಆರಂಭವಾದದ್ದು ಆಗ. ಚಿಗಟೇರಿ ಆಸ್ಪತ್ರೆ, ಬಾಪೂಜಿ ಆಸ್ಪತ್ರೆಗಳ ಜೊತೆ ಅದು ಬೆಳೆದಂತೆ ಹತ್ತಿಯ ಊರು ವೈದ್ಯರ ಊರಾಯಿತು, 2006ರಲ್ಲಿ ಎಸ್.ಎಸ್. ವೈದ್ಯಕೀಯ ಸಂಸ್ಥೆಯೂ ಬಂತು. ಇದರಿಂದ ಆದ ಉಪಕಾರವನ್ನು ಸುತ್ತಲಿನ ನಾಲ್ಕೈದು ಜಿಲ್ಲೆಗಳ ಜನ ಬಲ್ಲರು. ಅದೇ ಕಾಲದಲ್ಲಿ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆಯಿತು. ಹೃದಯಕ್ಕೊಬ್ಬರು, ಮೂತ್ರಪಿಂಡಕ್ಕೊಬ್ಬರು, ನರಕ್ಕೊಬ್ಬರು ತಜ್ಞರು ದೊರೆತಾಗ, ಓಣಿಯ ವೈದ್ಯರ ಮಗ ತಂದೆಯ ಬೆಂಚಿನ ದವಾಖಾನೆಯನ್ನು ಮುಂದುವರಿಸಲಿಲ್ಲ, ತಜ್ಞನಾಗಲು ಹೋದ. ಶತಮಾನದ ಕೊನೆಯ ಹೊತ್ತಿಗೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಕಿರ್ಲೋಸ್ಕರ್ ಕಾರ್ಖಾನೆಯೂ 2000ದ ಆಸುಪಾಸಿನಲ್ಲಿ ನಿಂತಿತು. ಕೆಲಸ ಕಳೆದುಕೊಂಡ ಆ ಪೀಳಿಗೆಗೆ ಇ.ಎಸ್.ಐ. ಚೀಟಿಯ ಆಸರೆಯೂ ತಪ್ಪಿತು. ಮಕ್ಕಳು ಬೆಂಗಳೂರಿಗೆ ಹೋದರು. ಆ ಕಾರ್ಮಿಕರು ಈಗ ಮರೆವಿನ ವಯಸ್ಸನ್ನು ಮುಟ್ಟಿದ್ದಾರೆ. ಅವರನ್ನು ಬಲ್ಲ ವೈದ್ಯರು ಇಲ್ಲವಾಗುತ್ತಿರುವ ಕಾಲದಲ್ಲಿಯೇ ಅವರಿಗೆ ಅಂತಹ ವೈದ್ಯರ ಅಗತ್ಯ ಬಂದಿದೆ.

ಸಾಮಾನ್ಯ ವೈದ್ಯನಿಗೆ ಮನೋರೋಗ, ಮಿದುಳಿನ ರೋಗ ನೋಡಲು ಬರುವುದಿಲ್ಲವೆಂಬ ಮಾತನ್ನು ಸುಳ್ಳು ಮಾಡಿದ ಪ್ರಯೋಗವೂ ನಮ್ಮ ಮಗ್ಗುಲಲ್ಲೇ ನಡೆಯಿತು. ಬೆಂಗಳೂರಿನ ನಿಮ್ಹಾನ್ಸ್ 1985ರಿಂದ 1990ರವರೆಗೆ ಸುಮಾರು 20 ಲಕ್ಷ ಜನಸಂಖ್ಯೆಯ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ಕೊಟ್ಟು, ಮಾನಸಿಕ ರೋಗಿಗಳನ್ನು ಅವರವರ ಊರಿನಲ್ಲೇ ನೋಡುವ ವ್ಯವಸ್ಥೆ ಮಾಡಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿ. ಅಂದಿನ ಬಳ್ಳಾರಿ ಜಿಲ್ಲೆಯಲ್ಲಿದ್ದ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿ, ಮುಂದೆ ಬಳ್ಳಾರಿಗೇ ಮರಳಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಆದರೆ ಬಳ್ಳಾರಿಯ ಪ್ರಯೋಗದ ಗಮನವಿದ್ದದ್ದು ಮುಖ್ಯವಾಗಿ ಚಿತ್ತವಿಕಲತೆ, ಮೂರ್ಛೆರೋಗ, ಬುದ್ಧಿಮಾಂದ್ಯ, ಖಿನ್ನತೆಗಳ ಮೇಲೆ. ಮುದುಕರ ಮರೆವು ಇನ್ನೂ ಗಾದೆಯ ಅಧೀನದಲ್ಲೇ ಉಳಿದಿತ್ತು.

ಹಾಗಾದರೆ ಗುಣವಾಗದ ಈ ರೋಗದಲ್ಲಿ ಮನೆಯ ವೈದ್ಯ ಮಾಡಬಹುದಾದುದೇನು? ಬಹಳವಿದೆ. ಮೊಟ್ಟಮೊದಲನೆಯದಾಗಿ, ಮರೆವೆಲ್ಲವೂ ಗುಣವಾಗದ ರೋಗವಲ್ಲ ಎಂಬುದನ್ನು ಅರಿಯುವುದು. ಮಾಂಸ ಮುಟ್ಟದ ಮನೆತನಗಳು ಹೆಚ್ಚಾಗಿರುವ ಈ ಸೀಮೆಯಲ್ಲಿ ಬಿ12 ಜೀವಸತ್ವದ ಕೊರತೆ ಸಾಮಾನ್ಯ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಅದು ಇನ್ನೂ ಹೆಚ್ಚು. ಥೈರಾಯ್ಡ್ ಮಂದವಾದರೂ ಬುದ್ಧಿ ಮಂಕಾಗುತ್ತದೆ. ಹೆಂಡತಿ ಸತ್ತ ಮೇಲೆ ಮೂಲೆ ಹಿಡಿದು ಕುಳಿತ ಮುದುಕನಿಗೆ ಇರುವುದು ಖಿನ್ನತೆಯಿರಬಹುದು. ಬಚ್ಚಲಲ್ಲಿ ಜಾರಿ ತಲೆಗೆ ಸಣ್ಣ ಪೆಟ್ಟು ಬಿದ್ದದ್ದನ್ನು ಎಲ್ಲರೂ ಮರೆತಿರುವಾಗ, ವಾರಗಳ ನಂತರ ತಲೆಬುರುಡೆಯೊಳಗೆ ರಕ್ತ ಹೆಪ್ಪುಗಟ್ಟಿ ಗೊಂದಲ ತಲೆದೋರಬಹುದು. ನಿನ್ನೆಯವರೆಗೆ ಸರಿಯಿದ್ದ ಅಜ್ಜಿ ಇಂದು ಇದ್ದಕ್ಕಿದ್ದಂತೆ ಬಡಬಡಿಸತೊಡಗಿದರೆ ಅದು ಮೂತ್ರದ ಸೋಂಕೋ, ರಕ್ತದೊತ್ತಡದ ಮಾತ್ರೆಯಿಂದ ಉಪ್ಪಿನಂಶ ಇಳಿದದ್ದೋ ಆಗಿರಬಹುದು. ನಿದ್ದೆಯ ಮಾತ್ರೆ, ಅಲರ್ಜಿಯ ಮಾತ್ರೆ, ಮೂತ್ರ ತಡೆಯುವ ಮಾತ್ರೆಗಳು ಮುದುಕರ ತಲೆಯನ್ನು ಕಲಕಿಬಿಡುತ್ತವೆ. ನಾಲ್ವರು ತಜ್ಞರು ಬರೆದ ಹನ್ನೆರಡು ಮಾತ್ರೆಗಳನ್ನು ಒಂದೆಡೆ ಸುರಿದು, ಯಾವುದನ್ನು ನಿಲ್ಲಿಸಬೇಕೆಂದು ನೋಡುವ ಕೆಲಸ ಯಾರದು? ಪ್ರತಿಯೊಬ್ಬ ತಜ್ಞನಿಗೂ ತನ್ನ ಮಾತ್ರೆ ಅಗತ್ಯ. ಒಟ್ಟು ಮನುಷ್ಯನನ್ನು ನೋಡುವವನಿಗೆ ಮಾತ್ರ ಈ ಲೆಕ್ಕ ಸಿಗುತ್ತದೆ.

ಪರೀಕ್ಷೆಯ ವಿಷಯದಲ್ಲಿಯೂ ಸ್ಥಳೀಯ ವೈದ್ಯನ ತಿಳಿವಳಿಕೆ ಬೇಕು. 1975ರಲ್ಲಿ ಅಮೆರಿಕದಲ್ಲಿ ರೂಪಿತವಾದ, ಲೋಕವೆಲ್ಲ ಬಳಸುವ ಪ್ರಶ್ನಾವಳಿ ರೋಗಿಗೆ ವಾಕ್ಯ ಬರೆಯಲು, ಓದಲು ಹೇಳುತ್ತದೆ. ಸಹಿ ಮಾಡಲೂ ಬಾರದೆ ಆರು ಮಕ್ಕಳನ್ನು ಸಾಕಿ, ಹೊಲ ನೋಡಿಕೊಂಡ ಹೆಂಗಸು ಇದರಲ್ಲಿ ಮೊದಲೇ ನಪಾಸು! ಹರಿಯಾಣದ ಬಲ್ಲಭಗಢದಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನ ಇದನ್ನು ತಿದ್ದಿತು. ಬರೆಯುವ ಬದಲು ಮನೆಯ ಬಗ್ಗೆ ಒಂದು ಮಾತು ಹೇಳುವುದು, ಓದುವ ಬದಲು ಎದುರಿನವರು ಮಾಡಿದಂತೆ ಮಾಡುವುದು ಬಂತು. ನಮ್ಮ ಕಡೆಯ ಅನುಭವಿ ವೈದ್ಯ ಕೇಳಬೇಕಾದದ್ದೂ ಇಂಥವೇ: ಸಂತೆ ಯಾವ ವಾರ, ಮೊನ್ನೆ ಕಳೆದ ಹಬ್ಬ ಯಾವುದು, ನೂರು ರೂಪಾಯಿ ಕೊಟ್ಟರೆ ಎಷ್ಟು ಚಿಲ್ಲರೆ ಮರಳಬೇಕು. ಸೊಸೆಯನ್ನು ಕೇಳಬೇಕಾದದ್ದು ಇನ್ನೂ ಮುಖ್ಯ: ರೊಟ್ಟಿ ಬಡಿಯುವಾಗ ಕೈ ತಡವರಿಸುತ್ತದೆಯೆ, ಸಾರಿಗೆ ಉಪ್ಪು ಎರಡೆರಡು ಸಲ ಬೀಳುತ್ತದೆಯೆ?

ರೋಗ ಖಚಿತವಾದ ಮೇಲಿನ ದಾರಿ ದೀರ್ಘ. 1996ರಿಂದ ಬಳಕೆಯಲ್ಲಿರುವ ಡೊನೆಪೆಜಿಲ್ ಮೊದಲಾದ ಮಾತ್ರೆಗಳಿಂದ ಕೆಲವರಿಗೆ ಕೆಲಕಾಲ ಅಲ್ಪ ಪ್ರಯೋಜನವಿದೆ. ಅವು ರೋಗವನ್ನು ನಿಲ್ಲಿಸಲಾರವು. ರಕ್ತದೊತ್ತಡ, ಸಕ್ಕರೆ, ಬೀಡಿ ಇವುಗಳ ಹತೋಟಿಯಿಂದ ಪಾರ್ಶ್ವವಾಯು ತಪ್ಪಿದರೆ, ರಕ್ತನಾಳದಿಂದ ಬರುವ ಮರೆವೂ ಅಷ್ಟರಮಟ್ಟಿಗೆ ತಪ್ಪುತ್ತದೆ. ಇದು ಪೂರ್ತಿಯಾಗಿ ಮನೆಯ ವೈದ್ಯನ ಕೈಯಲ್ಲಿರುವ ಕೆಲಸ. ಸಂಜೆಯಾಗುತ್ತಲೇ 'ನನ್ನನ್ನು ಮನೆಗೆ ಕಳಿಸಿ' ಎಂದು ತನ್ನ ಮನೆಯಲ್ಲೇ ಕುಳಿತು ಗೋಗರೆಯುವವರನ್ನು ಬೈದು ಫಲವಿಲ್ಲ. ದೀಪ ಬೇಗ ಹಚ್ಚುವುದು, ಕನ್ನಡಿ ಮುಚ್ಚುವುದು, ಕಿವಿ ಕಣ್ಣುಗಳ ದೋಷ ಸರಿಪಡಿಸುವುದು, ಹೆಸರು ಮತ್ತು ಫೋನ್ ನಂಬರನ್ನು ಜೇಬಿನಲ್ಲಿಡುವುದು, ಇಂತಹ ಸಣ್ಣ ಸಂಗತಿಗಳಿಂದ ದೊಡ್ಡ ನೆಮ್ಮದಿಯಿದೆ. ರೋಗಿ ಮನೆ ಬಿಟ್ಟು ಹೋಗಿ ಕಾಣೆಯಾಗುವ ಭಯ ಎಂಥದೆಂಬುದನ್ನು 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಲನಚಿತ್ರದಲ್ಲಿ ಅನಂತನಾಗ್ ಅವರ ಅಭಿನಯದ ಮೂಲಕ ಕನ್ನಡಿಗರು ಕಂಡಿದ್ದಾರೆ. ಗದ್ದಲ ಮಾಡುವ ರೋಗಿಯನ್ನು ಮಂಕುಗೊಳಿಸುವ ಪ್ರಬಲ ಮಾತ್ರೆಗಳಿಂದ ಪಾರ್ಶ್ವವಾಯುವಿನ ಮತ್ತು ಸಾವಿನ ಅಪಾಯ ಹೆಚ್ಚುತ್ತದೆಂದು ಈಗ ಸ್ಪಷ್ಟವಾಗಿ ತಿಳಿದಿದ್ದರೂ, ಅವುಗಳನ್ನು ಸುಲಭವಾಗಿ ಬರೆಯುವ ಚಾಳಿ ಹೋಗಿಲ್ಲ.

ರೋಗಿಗಳಿಗೆ ಪರಮಪ್ರಸಾದ ಕೊಂಡೊಯ್ಯುವ ನಮಗೂ ಮನೆಮನೆ ಸುತ್ತುವ ಕೆಲಸವಿರುವುದರಿಂದ ಒಂದು ಮಾತನ್ನು ಇಲ್ಲಿ ಸೇರಿಸಬಹುದು. ಮಗಳ ಹೆಸರು ಮರೆತವರು ಜಪಸರ ಕೈಗಿತ್ತೊಡನೆ ಒಂದಕ್ಷರ ತಪ್ಪದೆ ಪ್ರಾರ್ಥನೆ ಹೇಳುವುದನ್ನು ಗುರುಗಳೆಲ್ಲರೂ ಕಂಡಿದ್ದಾರೆ. ಇಷ್ಟಲಿಂಗ ಹಿಡಿದ ಅಂಗೈಗೂ, ನಮಾಜಿಗೆ ಬಾಗಿದ ಬೆನ್ನಿಗೂ ಇದೇ ನೆನಪಿದೆ. ಬಾಲ್ಯದಲ್ಲಿ ಕಲಿತು ಸಾವಿರಾರು ಸಲ ಆಡಿದ ಮಾತು, ಮಾಡಿದ ಕ್ರಿಯೆ ಮಿದುಳಿನಲ್ಲಿ ಕೊನೆಯವರೆಗೆ ಉಳಿಯುತ್ತದೆಂದು ವೈದ್ಯರು ಹೇಳುತ್ತಾರೆ. ರೋಗಿಯ ಧರ್ಮ, ಕಸುಬು, ಹಾಡು ಯಾವುದೆಂದು ಬಲ್ಲ ವೈದ್ಯ ಅದನ್ನೇ ಔಷಧಿಯಂತೆ ಬಳಸಬಲ್ಲ.

ಈ ಕಾಯಿಲೆಯಲ್ಲಿ ಎರಡನೆಯ ರೋಗಿ ಒಬ್ಬಳಿರುತ್ತಾಳೆ. ಹೆಂಡತಿ, ಮಗಳು, ಬಹುಪಾಲು ಸೊಸೆ. ರಾತ್ರಿ ನಿದ್ದೆಯಿಲ್ಲ, ಹಗಲು ಬಟ್ಟೆ ಒಗೆಯುವುದು ಮುಗಿಯುವುದಿಲ್ಲ. ಮೇಲಾಗಿ 'ಸೊಸೆ ಊಟ ಹಾಕುವುದಿಲ್ಲ' ಎಂದು ಅತ್ತೆ ಬೀದಿಗೆಲ್ಲ ದೂರುತ್ತಾಳೆ. ಅದು ರೋಗದ ಮಾತು ಎಂದು ನೆರೆಹೊರೆಗೆ, ನಾದಿನಿಯರಿಗೆ ಗಟ್ಟಿಯಾಗಿ ಹೇಳಲು ಅಧಿಕಾರವಿರುವ ವ್ಯಕ್ತಿ ಓಣಿಯ ವೈದ್ಯರೇ. ಅವರ ಒಂದು ಮಾತಿನಿಂದ ಎಷ್ಟೋ ಸೊಸೆಯಂದಿರ ಮಾನ ಉಳಿದಿದೆ. ನೆರೆಯ ರಾಜ್ಯಗಳಲ್ಲಿ ಈ ದಿಕ್ಕಿನಲ್ಲಿ ಮೊದಲೇ ಎಚ್ಚರ ಮೂಡಿತು. ಕೇರಳದಲ್ಲಿ 1992ರಲ್ಲಿ ಡಾ. ಜೇಕಬ್ ರಾಯ್ ಅವರ ನೇತೃತ್ವದಲ್ಲಿ ಆಲ್ಝೈಮರ್ ರೋಗಿಗಳ ಸಂಘಟನೆ ಹುಟ್ಟಿತು. ಗೋವಾದಲ್ಲಿ ಸ್ಥಳೀಯ ಮಹಿಳೆಯರಿಗೆ ತರಬೇತಿ ಕೊಟ್ಟು ಮನೆಗಳಿಗೆ ಕಳುಹಿಸಿದ ಪ್ರಯೋಗವೊಂದು, ಆರೈಕೆ ಮಾಡುವವರ ಮನಸ್ಸಿನ ಭಾರ ಇಳಿಯಿತೆಂದು 2008ರಲ್ಲಿ ವರದಿ ಮಾಡಿತು.

ಭಾರತದಲ್ಲಿ ಡಿಮೆನ್ಷಿಯಾ ಇರುವವರು 37 ಲಕ್ಷವೆಂದು 2010ರ ವರದಿ ಅಂದಾಜು ಮಾಡಿತ್ತು. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಪ್ರಕಾರ ಅರವತ್ತು ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ತೊಂದರೆಯಿದೆ. ಅರವತ್ತಕ್ಕೆ ಎಲ್ಲರಿಗೂ ಅರಳುಮರಳು ಬರುವುದಿಲ್ಲವೆಂಬುದೂ ಇದೇ ಅಂಕಿಯಿಂದ ಸಿದ್ಧವಾಗುತ್ತದೆ. ನೂರರಲ್ಲಿ ತೊಂಬತ್ತೆರಡಕ್ಕೂ ಹೆಚ್ಚು ಮಂದಿಗೆ ಅದು ಇಲ್ಲ. ಕರ್ನಾಟಕ ಸರ್ಕಾರ ಮತ್ತು ನಿಮ್ಹಾನ್ಸ್ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮ ಮೊದಲು ಮೂರು ಜಿಲ್ಲೆಗಳಲ್ಲಿ ಪಾರ್ಶ್ವವಾಯು, ಮೂರ್ಛೆ, ತಲೆನೋವುಗಳ ಜೊತೆಗೆ ಡಿಮೆನ್ಷಿಯಾವನ್ನೂ ಗುರುತಿಸಲು ಪ್ರಾಥಮಿಕ ಕೇಂದ್ರಗಳ ವೈದ್ಯರನ್ನು ಸಜ್ಜುಗೊಳಿಸಿತು. ಬಳ್ಳಾರಿಯಲ್ಲಿ ಬಿಟ್ಟುಹೋದ ಹೆಸರು ಹೀಗೆ ಮೂರು ದಶಕಗಳ ನಂತರ ಪಟ್ಟಿಗೆ ಸೇರಿತು. ತರಬೇತಿ ಪಡೆದ ವೈದ್ಯನನ್ನು ಎರಡು ವರ್ಷಕ್ಕೇ ವರ್ಗ ಮಾಡಿದರೆ ಆ ತರಬೇತಿಯ ಅರ್ಧಭಾಗ ವ್ಯರ್ಥವೆಂಬುದನ್ನು ಆಡಳಿತಗಾರರು ಯೋಚಿಸಬೇಕು; ರೋಗವನ್ನು ಬಲ್ಲ ವೈದ್ಯ ವರ್ಗವಾಗಿ ಬಂದಾನು, ರೋಗಿಯನ್ನು ಬಲ್ಲ ವೈದ್ಯ ಹಾಗೆ ಬರಲಾರ.

ನಮ್ಮ ಹಳೆಯ ಮನೆಯ ವೈದ್ಯರಲ್ಲಿ ಹೆಚ್ಚಿನವರು ಕಡತ ಇಟ್ಟವರಲ್ಲ. ಮೂರು ತಲೆಮಾರಿನ ಚರಿತ್ರೆ ಅವರ ತಲೆಯಲ್ಲೇ ಇತ್ತು. ಅವರಿಗೂ ವಯಸ್ಸಾಗಿದೆ, ಮರದ ಬೆಂಚಿನ ದವಾಖಾನೆಗಳಿದ್ದ ಜಾಗದಲ್ಲಿ ಮೊಬೈಲ್ ಅಂಗಡಿಗಳು ಬಂದಿವೆ. ಬೆಂಚಿನ ವೈದ್ಯರು ಬಾಗಿಲು ಮುಚ್ಚುವ ಮೊದಲು ಅವರ ಬಳಿ ಹೋಗಿ, ಅಪ್ಪನಿಗೆ ಯಾವ ವರ್ಷ ಸಕ್ಕರೆ ಬಂತು, ಯಾವ ಮಾತ್ರೆ ಒಗ್ಗಲಿಲ್ಲ, ಅಮ್ಮ ಯಾವಾಗ ಬಿದ್ದಿದ್ದಳು, ಮೊದಲ ಬಾರಿ ದಾರಿ ತಪ್ಪಿದ್ದು ಯಾವಾಗ ಎಂದು ಕೇಳಿ ಬರೆಸಿಕೊಂಡ ಕುಟುಂಬಗಳು ಕೆಲವಿವೆ. ನೂರು ಪುಟದ ಒಂದು ನೋಟ್ ಪುಸ್ತಕ ಅದಕ್ಕೆ ಸಾಕು. ಮುಂದೆ ಹರಿಹರದ ಸರ್ಕಾರಿ ಆಸ್ಪತ್ರೆಯಲ್ಲೋ ದಾವಣಗೆರೆಯ ಹೊರರೋಗಿ ವಿಭಾಗದಲ್ಲೋ ಹೊಸಬನಾದ ಯುವವೈದ್ಯ 'ಇವರು ಮೊದಲು ಹೇಗಿದ್ದರು?' ಎಂದು ಕೇಳಿದಾಗ, ಸೊಸೆ ತನ್ನ ಚೀಲದಿಂದ ತೆಗೆದು ಮೇಜಿನ ಮೇಲಿಡುವುದು ಆ ಪುಸ್ತಕವನ್ನೇ.